ಕೂದಲು ದುರಸ್ತಿಯ ಜಂಟಿ ಮಹಜರು

ಮನುಷ್ಯನ ತಲೆಯ ಮೇಲಿನ ಕೂದಲು ಸರ್ಕಾರದ ಆಸ್ತಿಯಲ್ಲ. ಆದರೆ ಅದು ಕೆಟ್ಟುಹೋದ ಕ್ಷಣದಿಂದ ಅದರ ಹೆಸರಿನಲ್ಲಿ ಒಂದು ಕಡತ ತೆರೆಯಬಹುದು. ಈ ತತ್ವದ ಮೇಲೆಯೇ ನಂಜನಗೂಡು ಮತ್ತು ತಿ. ನರಸೀಪುರ ಜಂಟಿ ತಾಲ್ಲೂಕು ಕೇಶ ಪುನಶ್ಚೇತನ ಘಟಕ ನಿಂತಿದೆ. ನಾನು ಅದರ ಪ್ರಥಮ ದರ್ಜೆ ಸಹಾಯಕ. ಘಟಕದ ಬಗ್ಗೆ ಬಸ್‌ ಸ್ಟ್ಯಾಂಡಿನಲ್ಲಿ ಜನ ಆಡಿಕೊಂಡು ನಗುವುದನ್ನು ಕೇಳಿ ಕೇಳಿ ಬೇಸತ್ತು, ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆದಿಡುತ್ತಿದ್ದೇನೆ.

ಘಟಕ ಹುಟ್ಟಿದ ಕಾರಣ ಸರಳ. ಎರಡೂ ಊರುಗಳಲ್ಲಿ ಬ್ಯೂಟಿ ಪಾರ್ಲರುಗಳು ಹೆಚ್ಚಾದವು. ಗುಂಗುರು ಕೂದಲಿನ ಹೆಣ್ಣುಮಕ್ಕಳು ಸ್ಟ್ರೈಟ್ನಿಂಗ್ ಮಾಡಿಸಿಕೊಂಡರು. ಮೂಗು ಮುಚ್ಚಿಕೊಳ್ಳುವಂಥ ಕ್ರೀಮು ಹಚ್ಚಿ, ಕಾದ ಇಕ್ಕಳದಲ್ಲಿ ಎಳೆದರೆ ಕೂದಲು ಗೆರೆ ಹೊಡೆದಂತೆ ನೆಟ್ಟಗಾಗುತ್ತದೆ. ಕೆಲವು ತಿಂಗಳು ಎಲ್ಲ ಸರಿ. ಆಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಜಾಗದಲ್ಲಿ ಮುರಿಯುತ್ತದೆ, ಬಾಚಣಿಗೆಗೆ ಬರುತ್ತದೆ, ಅನ್ನದಲ್ಲಿ ಸಿಗುತ್ತದೆ. ಅನ್ನದಲ್ಲಿ ಸಿಗತೊಡಗಿದ ಮೇಲೆ ಗಂಡಸರೂ ದೂರು ಕೊಟ್ಟರು. ಗಂಡಸರು ದೂರು ಕೊಟ್ಟ ತಕ್ಷಣ ಅನುದಾನ ಬಿಡುಗಡೆಯಾಯಿತು.

ಮುಖ್ಯಸ್ಥರಾಗಿ ಬಂದವರು ಪುಟ್ಟಬಸವಯ್ಯ ಸಾಹೇಬರು. ಅವರ ಇಡೀ ಸೇವೆ ರೇಷ್ಮೆ ಇಲಾಖೆಯಲ್ಲಿ ಕಳೆದದ್ದು. ಎಳೆ ಎಂದರೆ ಎಳೆಯೇ, ಹುಳುವಿನದಾದರೇನು ಹೆಂಗಸಿನದಾದರೇನು ಎಂದು ಮೇಲಿನವರು ಯೋಚಿಸಿ ಅವರನ್ನು ನಿಯೋಜಿಸಿದ್ದರು. ಹೊಸ ಘಟಕಕ್ಕೆ ಮಾರ್ಗಸೂಚಿ ಬೇಕಾಗಿತ್ತು, ಸಮಯವಿರಲಿಲ್ಲ. ಸಾಹೇಬರು ರೇಷ್ಮೆಹುಳು ಸಾಕಣೆಯ ಹಳೆಯ ಸುತ್ತೋಲೆಯನ್ನು ತರಿಸಿ, ಅದರಲ್ಲಿ 'ಹುಳು' ಎಂದಿದ್ದ ಕಡೆಯೆಲ್ಲ 'ಕೂದಲು' ಎಂದು ಬದಲಿಸಲು ನನಗೆ ಹೇಳಿದರು. ನಾನು ಬದಲಿಸಿದೆ. ಅದರಂತೆ ಫಲಾನುಭವಿಗಳು ತಮ್ಮ ಕೂದಲನ್ನು ಇರುವೆ ಮತ್ತು ಹಲ್ಲಿಗಳಿಂದ ಕಾಪಾಡತಕ್ಕದ್ದು, ಕೂದಲು ಇರುವ ಕೋಣೆಯಲ್ಲಿ ಬೀಡಿ ಸೇದತಕ್ಕದ್ದಲ್ಲ, ಕೂದಲಿಗೆ ದಿನಕ್ಕೆ ಮೂರು ಹೊತ್ತು ಎಳೆಯ ಸೊಪ್ಪು ಕೊಡತಕ್ಕದ್ದು. ಹೆಡತಲೆ ಎಂಬ ಊರಿನ ರುದ್ರಮ್ಮನವರು ಹಿಪ್ಪುನೇರಳೆ ಸೊಪ್ಪನ್ನು ಮೂರು ಹೊತ್ತೂ ತಪ್ಪದೆ ತಲೆಗೆ ಕಟ್ಟಿಕೊಂಡರು. ಅವರ ಮನೆಯ ಮೇಕೆ ಊರೆಲ್ಲ ಅವರ ಹಿಂದೆಯೇ ತಿರುಗಿತು. ಪ್ರಗತಿ ವರದಿಯಲ್ಲಿ ಇದನ್ನು 'ಪಶುಸಂಗೋಪನೆಯೊಂದಿಗೆ ಸಮನ್ವಯ' ಎಂದು ತೋರಿಸಿದೆವು.

ದುರಸ್ತಿ ದ್ರಾವಣ ಪೂರೈಸುವ ಟೆಂಡರು ತಿ. ನರಸೀಪುರದ ಮದನ್ ಅವರಿಗೆ ಆಯಿತು. ಕೇಶಹಾನಿಯ ಕ್ಷೇತ್ರದಲ್ಲಿ ಅನುಭವ ಇರಬೇಕೆಂಬ ಷರತ್ತಿತ್ತು. ಎರಡೂ ತಾಲ್ಲೂಕಿನ ಪಾರ್ಲರುಗಳಿಗೆ ಸ್ಟ್ರೈಟ್ನಿಂಗ್ ಕ್ರೀಮು ಮಾರುತ್ತಿದ್ದವರು ಅವರೊಬ್ಬರೇ ಆದ್ದರಿಂದ ಬೇರೆ ಯಾರಿಗೂ ಅಂಥ ಅನುಭವ ಇರಲಿಲ್ಲ. ಬಾಟಲಿಗಳು ಬಂದು ಕಚೇರಿ ತುಂಬಿ ಮೆಟ್ಟಿಲವರೆಗೂ ನಿಂತವು. ನಾವು ಪಕ್ಕಕ್ಕೆ ತಿರುಗಿಕೊಂಡು ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡೆವು.

ಭಾನುಪ್ರಿಯಾ ನಮ್ಮಲ್ಲಿಗೆ ಬಂದದ್ದು ಶ್ರಾವಣದಲ್ಲಿ. ದೇವನೂರಿನ ಹುಡುಗಿ, ನಂಜನಗೂಡಿನ ಒಂದು ಸೀರೆ ಅಂಗಡಿಯ ಕೌಂಟರಿನಲ್ಲಿ ಕೆಲಸ. ಅವಳ ತಾಯಿ ರಾಮಮ್ಮನವರದೂ ಅವಳದೂ ಒಂದೇ ಗುಂಗುರು, ಬಾಚಣಿಗೆಯ ಹಲ್ಲು ಮುರಿಯುವಷ್ಟು ದಟ್ಟ. ಕೌಂಟರಿನ ಹುಡುಗಿಯರೆಲ್ಲ ಒಂದೇ ಥರ ಕಾಣಬೇಕೆಂದು ಅಂಗಡಿಯ ಯಜಮಾನ ಹೇಮಂತ್ ಹೇಳಿದ್ದ. ಅವಳು ಯುಗಾದಿಗೆ ಮೊದಲೇ ತಿ. ನರಸೀಪುರದಲ್ಲಿ ಶ್ವೇತ ಎಂಬವರ ಪಾರ್ಲರಿಗೆ ಹೋಗಿ ನೇರ ಮಾಡಿಸಿಕೊಂಡು ಬಂದಳು. ಆಷಾಢ ಮುಗಿಯುವಷ್ಟರಲ್ಲಿ ಬಿಚ್ಚಿ ತೋರಿಸಿದ ಸೀರೆಗಳ ಮೇಲೆಲ್ಲ ಕೂದಲು ಉದುರತೊಡಗಿತು. ಅದೇ ಹೇಮಂತ್ ಅವಳನ್ನು ಅಂಗಡಿಯ ಹಿಂದಿನ ಗೋಡೌನಿಗೆ ಹಾಕಿ, ತಲೆ ಸರಿಹೋದ ಮೇಲೆ ಕೌಂಟರಿಗೆ ಬಾ ಎಂದ. ಗೋಡೌನಿಗೆ ಕಿಟಕಿ ಇಲ್ಲ. ಅವಳು ಕೇಳಿದ್ದು ಇಷ್ಟೇ, ತನ್ನ ಕೂದಲು ತನಗೆ ವಾಪಸ್ಸು ಬರಬೇಕು. ಹೇಳುವಾಗ ಅವಳ ಕಣ್ಣು ತುಂಬಿಕೊಂಡಿತು, ನನಗೂ ಸಂಕಟವಾಯಿತು. ನಮ್ಮ ಅರ್ಜಿ ನಮೂನೆಯಲ್ಲಿ ಸಂಕಟಕ್ಕೆ ಕಾಲಂ ಇರಲಿಲ್ಲ.

ಪಾರ್ಲರಿನ ಶ್ವೇತ ಅವಳಿಗೆ ಆಗಲೇ ಒಂದು ಮಾತು ಹೇಳಿದ್ದರಂತೆ. ಸುಟ್ಟ ಕೂದಲಿಗೆ ಯಾವ ಬಾಟಲಿಯಿಂದಲೂ ಜೀವ ಬರುವುದಿಲ್ಲ. ಕತ್ತರಿಸಿ ಹಾಕಿ, ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದರೆ ಬುಡದಿಂದ ಒಳ್ಳೆಯದು ಬರುತ್ತದೆ. ಬಂದ ಮೇಲೆ ತಮ್ಮಲ್ಲಿಗೇ ಬಂದರೆ ಮತ್ತೆ ನೆಟ್ಟಗೆ ಮಾಡಿಕೊಡುತ್ತಾರೆ. ಹಾಗಾದರೆ ಕತ್ತರಿಸಿಕೊಳ್ಳಲೇ ಎಂದು ಭಾನುಪ್ರಿಯಾ ಕೇಳಿದಳು. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು.

"ಮುಟ್ಬೇಡಮ್ಮ. ಅರ್ಜಿ ಕೊಟ್ಮೇಲೆ ಅದು ನಿನ್ ಕೂದ್ಲಲ್ಲ, ಸಾಕ್ಷಿ. ನಾವು ಬಂದು ಮಹಜರು ಮಾಡೋವರ್ಗೂ ಹೆಂಗದೋ ಹಂಗೇ ಇರ್ಬೇಕು."

"ಉದುರ್ತಾನೇ ಅದಲ್ಲ ಸಾ?"

"ಉದುರಿದ್ದನ್ನ ಒಂದು ಕವರ್‌ಗೆ ಹಾಕಿಡು. ಉದುರೋದು ಪ್ರಕೃತಿ. ಕತ್ರಿಸೋದು ಅಪರಾಧ."

ಮಹಜರು ಅಷ್ಟು ಸಲೀಸಾಗಲಿಲ್ಲ. ಕೂದಲು ಬೆಳೆದದ್ದು ನಂಜನಗೂಡು ತಾಲ್ಲೂಕಿನಲ್ಲಿ, ಕೆಟ್ಟದ್ದು ತಿ. ನರಸೀಪುರ ತಾಲ್ಲೂಕಿನಲ್ಲಿ. ಹಾನಿಯನ್ನು ಯಾರ ಬಾಬತ್ತಿಗೆ ತೋರಿಸಬೇಕೆಂದು ಪತ್ರವ್ಯವಹಾರ ಶುರುವಾಯಿತು. ನರಸೀಪುರದ ಕಡೆಯವರು ಸದರಿ ಕೂದಲನ್ನು ಪರಿಶೀಲನೆಗೆ ಕಳಿಸಿಕೊಡಿ ಎಂದರು. ತಲೆಯ ಸಮೇತವೋ ತಲೆ ರಹಿತವಾಗಿಯೋ ಎಂದು ನಾವು ಸ್ಪಷ್ಟನೆ ಕೋರಿದೆವು. ಗೌರಿಹಬ್ಬ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿ ಬಂತು. ಭಾನುಪ್ರಿಯಾ ಪ್ರತಿ ಸೋಮವಾರ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬಾಟಲಿಗಳಿಂದಾಗಿ ಒಳಗೆ ನಿಲ್ಲಲು ಜಾಗವಿರಲಿಲ್ಲ. ಕೊನೆಗೆ ಎರಡು ತಾಲ್ಲೂಕುಗಳ ಗಡಿಯಲ್ಲೇ ಜಂಟಿ ಮಹಜರು ನಡೆಸುವುದೆಂದು ತೀರ್ಮಾನವಾಯಿತು.

ರಸ್ತೆ ಬದಿಯ ಗಡಿಕಲ್ಲಿನ ಪಕ್ಕದಲ್ಲಿ, ಎರಡು ಕಾಲು ಆ ಕಡೆ ಎರಡು ಕಾಲು ಈ ಕಡೆ ಬರುವಂತೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಹುಡುಗಿ ನಂಜನಗೂಡಿನ ಕಡೆ ಮುಖ ಮಾಡಿ ಕೂತಳು. ಬೆನ್ನ ಮೇಲಿನ ಹಾನಿ ತನ್ನಷ್ಟಕ್ಕೆ ನರಸೀಪುರದ ಕಡೆ ಬಂತು. ಸಾಕ್ಷಿ ಹಾಕಲು ಪಂಚರು ಸಿಗದೆ ಕಬ್ಬಿನ ಲಾರಿಯೊಂದನ್ನು ನಿಲ್ಲಿಸಿ ಡ್ರೈವರನ್ನೂ ಕ್ಲೀನರನ್ನೂ ಕರೆದೆವು. ಅವರು ಆಚೀಚೆ ನಿಂತು ಗಂಭೀರವಾಗಿ ತಲೆ ನೋಡಿದರು. ಸಾಹೇಬರ ಅಪ್ಪಣೆಯಂತೆ ಭಾನುಪ್ರಿಯಾ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು.

ಸುಟ್ಟ ಕೂದಲು ಹೆಚ್ಚುಕಡಿಮೆ ಎಲ್ಲ ಉದುರಿಹೋಗಿತ್ತು. ಅದರ ಜಾಗದಲ್ಲಿ ಬುಡದಿಂದ ಹೊಸದು ಬಂದು, ಕಿವಿ ಮುಚ್ಚುವಷ್ಟು ಗುಂಗುರು ಗುಂಗುರಾಗಿ ನಿಂತಿತ್ತು. ತುದಿಯಲ್ಲಿ ಅಲ್ಲೊಂದು ಇಲ್ಲೊಂದು ನೆಟ್ಟಗಿನ ಎಳೆ ಜೋತಾಡುತ್ತಿತ್ತು ಅಷ್ಟೆ. ಕ್ಲೀನರ್ ಚೆನ್ನಾಗದಲ್ಲ ಎಂದುಬಿಟ್ಟ. ಹುಡುಗಿ ಎರಡೂ ಕೈಯಿಂದ ತಲೆ ಮುಟ್ಟಿನೋಡಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು, ನನಗೂ ಖುಷಿಯಾಯಿತು. ಸಾಹೇಬರ ಮುಖ ಮಾತ್ರ ಇಳಿಯಿತು. ನಿಯಮದ ಪ್ರಕಾರ ದುರಸ್ತಿಗೆ ತಲೆಯ ಮೂರರಲ್ಲೊಂದು ಪಾಲಾದರೂ ಕೆಟ್ಟಿರಬೇಕು. ಇಲ್ಲಿ ಅಷ್ಟು ಕೆಟ್ಟಿರಲಿಲ್ಲ.

ಹಿಂತಿರುಗಿ ಬಂದು ಉಳಿದ ಅರ್ಜಿದಾರರನ್ನೂ ಕರೆಸಿ ನೋಡಿದರೆ ಎಲ್ಲರದೂ ಅದೇ ಕಥೆ. ಕಡತಗಳು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಎರಡು ತಾಲ್ಲೂಕಿನ ಕೂದಲೂ ವಾಸಿಯಾಗಿಬಿಟ್ಟಿತ್ತು. ಬೇರೆ ಯಾವ ಕಚೇರಿಯ ವಿಳಂಬದಿಂದಲೂ ಇಷ್ಟು ಜನಕ್ಕೆ ಒಳ್ಳೆಯದಾದದ್ದು ನನಗೆ ಗೊತ್ತಿಲ್ಲ. ಆದರೆ ಒಂದು ಬಾಟಲಿಯೂ ಖರ್ಚಾಗಿರಲಿಲ್ಲ, ಮಾರ್ಚ್ ಹತ್ತಿರ ಬಂದಿತ್ತು. ಅನುದಾನ ವಾಪಸ್ಸು ಹೋದರೆ ಘಟಕವೂ ಹೋಗುತ್ತದೆ. ಮದನ್ ಬಂದು ಸಾಹೇಬರ ಜೊತೆ ಬಾಗಿಲು ಹಾಕಿಕೊಂಡು ಮಾತನಾಡಿದರು. ಮರುದಿನ ಈ ಪ್ರಕಟಣೆ ಹೊರಬಿತ್ತು:

'ಸಾರ್ವಜನಿಕರ ಗಮನಕ್ಕೆ. ಘಟಕಕ್ಕೆ ಅರ್ಜಿ ಸಲ್ಲಿಸಿ, ಅನಿವಾರ್ಯ ಕಾರಣಗಳಿಂದ ಕೂದಲು ಸರಿಹೋಗಿರುವ ಮಹಿಳೆಯರಿಗೆ ಉಂಟಾಗಿರುವ ಅನ್ಯಾಯವನ್ನು ಸರಿಪಡಿಸಲು ಉಚಿತ ಪೂರ್ವಹಾನಿ ಶಿಬಿರ ಏರ್ಪಡಿಸಲಾಗಿದೆ. ಶಿಬಿರದಲ್ಲಿ ಅನುಭವಿ ಸಿಬ್ಬಂದಿಯಿಂದ ಕೂದಲನ್ನು ನೇರಗೊಳಿಸಿ, ದುರಸ್ತಿಗೆ ಅರ್ಹವಾಗುವ ಮಟ್ಟಕ್ಕೆ ತರಲಾಗುವುದು. ಊಟದ ವ್ಯವಸ್ಥೆ ಇದೆ.'

ಅನುಭವಿ ಸಿಬ್ಬಂದಿ ಎಂದರೆ ಶ್ವೇತ. ಮೊದಲ ಫಲಾನುಭವಿ ಎಂದು ಭಾನುಪ್ರಿಯಾಳ ಹೆಸರನ್ನು ಬ್ಯಾನರಿನಲ್ಲಿ ಹಾಕಿಸಿದೆವು.

ಅವಳು ಓಡಿ ಬಂದಳು. ತನಗೆ ದುರಸ್ತಿ ಬೇಡ, ಅರ್ಜಿ ವಾಪಸ್ಸು ಕೊಡಿ ಎಂದಳು. ಅರ್ಜಿಯನ್ನು ವಿಲೇವಾರಿಯಾದ ಮೇಲಷ್ಟೇ ವಾಪಸ್ಸು ಪಡೆಯಬಹುದು, ದುರಸ್ತಿಯಾಗದೆ ವಿಲೇವಾರಿ ಇಲ್ಲ ಎಂದು ನಾನು ವಿವರಿಸಿದೆ. ಅತ್ತ ಹೇಮಂತ್ ಅವಳಿಗೆ, ಶಿಬಿರಕ್ಕೆ ಹೋಗಿ ನೆಟ್ಟಗೆ ಮಾಡಿಸಿಕೊಂಡು, ತಲೆ ಸರಿಯಾಗಿದೆಯೆಂದು ಸರ್ಕಾರದ ಸರ್ಟಿಫಿಕೇಟು ತಂದರೆ ಕೌಂಟರು, ಇಲ್ಲದಿದ್ದರೆ ಗೋಡೌನೇ ಗತಿ ಎಂದಿದ್ದ. ಸಾಹೇಬರು ಅವಳನ್ನು ಎದುರಿಗೆ ಕೂರಿಸಿಕೊಂಡು, ಸ್ವಂತ ಮಗಳಿಗೆ ಹೇಳುವ ಹಾಗೆ ಸಮಾಧಾನವಾಗಿ ಹೇಳಿದರು.

"ನೀನೇ ಯೋಚ್ನೆ ಮಾಡಮ್ಮ. ಕೆಡದೇ ಇರೋದನ್ನ ನಾವು ರಿಪೇರಿ ಮಾಡೋದಾದ್ರೂ ಹೆಂಗೆ?"

ಅವಳು ಎದ್ದುಹೋದಳು.

ಶಿಬಿರದ ದಿನ ಸಮುದಾಯ ಭವನ ತುಂಬಿತ್ತು. ವೇದಿಕೆಯ ಮೇಲೆ ಎಡಗಡೆ ಕ್ರೀಮಿನ ಡಬ್ಬಗಳು, ಬಲಗಡೆ ದ್ರಾವಣದ ಬಾಟಲಿಗಳು, ನಡುವೆ ಕುರ್ಚಿ. ಶ್ವೇತ ಇಕ್ಕಳ ಕಾಯಿಸಿಕೊಂಡು ನಿಂತಿದ್ದರು. ನಾನು ಮೈಕಿನಲ್ಲಿ ಭಾನುಪ್ರಿಯಾಳ ಹೆಸರು ಕರೆದೆ. ಬಾಗಿಲಿನಿಂದ ರಾಮಮ್ಮನವರು ಮಗಳ ಕೈ ಹಿಡಿದುಕೊಂಡು ನಡೆದು ಬಂದರು. ಹುಡುಗಿಯ ತಲೆ ನುಣ್ಣಗೆ ಬೋಳಾಗಿತ್ತು, ಗಂಧ ಹಚ್ಚಿದ್ದರು. ಬೆಳಗ್ಗೆಯೇ ಕಪಿಲಾ ನದಿಯಲ್ಲಿ ಮುಳುಗೆದ್ದು, ನಂಜುಂಡೇಶ್ವರನಿಗೆ ಮುಡಿ ಕೊಟ್ಟು ನೇರ ಅಲ್ಲಿಂದಲೇ ಬಂದಿದ್ದರು. ಕಾದು ಕಾದು ಬಂದಿದ್ದ ಗುಂಗುರನ್ನು ನಮ್ಮ ಕೈಗೆ ಕೊಡುವುದಕ್ಕಿಂತ ನೀರಿನ ದಡದಲ್ಲಿ ಬಿಟ್ಟು ಬರುವುದೇ ಮೇಲು ಎಂದು ಅವಳಿಗೆ ಅನ್ನಿಸಿತಲ್ಲ ಎಂದು ನನಗೆ ತುಂಬ ಕೆಟ್ಟದೆನಿಸಿತು. ಮೈಕು ಆನ್ ಇದ್ದದ್ದರಿಂದ ಮೊದಲ ಫಲಾನುಭವಿಗೆ ಸ್ವಾಗತ ಎಂದೆ.

ಸಾಹೇಬರಿಗೆ ಸಿಟ್ಟು ಬಂತು. ಕಡತದಲ್ಲಿರುವ ಕೂದಲನ್ನು ದೇವರಿಗೆ ಕೊಡಲು ಯಾರಿಂದ ನಿರಾಕ್ಷೇಪಣಾ ಪತ್ರ ಪಡೆದಿರಿ ಎಂದು ಕೇಳಿದರು. ರಾಮಮ್ಮನವರು ಸೆರಗು ಸರಿಮಾಡಿಕೊಂಡರು.

"ಆ ನಂಜುಂಡಪ್ಪ ಒಬ್ನೇ ಕಣ್ ಸಾ, ಮಾಜರು ಗೀಜರು ಕೇಳ್ದೆ ಈಸ್ಕಂಡೋನು. ನೀವು ಕೇಳೋದಿದ್ರೆ ಅವನ್ನೇ ಓಗಿ ಕೇಳಿ."

ಮದನ್ ತಮ್ಮ ಡಬ್ಬಗಳ ಕಡೆ ನೋಡಿಕೊಂಡರು. ಆದರೆ ಮೂವತ್ತು ವರ್ಷದ ಸೇವೆ ಸುಮ್ಮನೆ ಹೋಗುವುದಿಲ್ಲ. ಸಾಹೇಬರು ಜೇಬಿನಿಂದ ರೇಷ್ಮೆ ಕಾಲದ ಭೂತಗನ್ನಡಿ ತೆಗೆದು, ಹುಡುಗಿಯ ತಲೆಯನ್ನು ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ ಪರೀಕ್ಷಿಸಿದರು. ಆಮೇಲೆ ನನ್ನ ಕೈಯಿಂದ ಮೈಕು ತೆಗೆದುಕೊಂಡು, ಸದರಿ ತಲೆಯಲ್ಲಿ ಹಾನಿಗೊಂಡ ಕೂದಲು ಒಂದೂ ಕಂಡುಬಂದಿಲ್ಲವೆಂದೂ, ಆದಕಾರಣ ದುರಸ್ತಿ ನೂರಕ್ಕೆ ನೂರು ಪೂರ್ಣಗೊಂಡಿದೆಯೆಂದೂ ಘೋಷಿಸಿದರು. ಚಪ್ಪಾಳೆ ಬಿತ್ತು. ಶಾಸ್ತ್ರಕ್ಕೆಂದು ಅವಳ ತಲೆಗೆ ಒಂದು ಬಾಟಲಿ ದ್ರಾವಣ ಸುರಿದು ಫೋಟೊ ತೆಗೆಸಿದೆವು.

ಸಭೆಯಲ್ಲಿ ಮೊದಲು ಎದ್ದವರು ಹೆಡತಲೆಯ ರುದ್ರಮ್ಮನವರು. ಹಾಗಾದರೆ ತಮ್ಮದೂ ಇವತ್ತೇ ಮುಗಿಸಿಬಿಡಿ, ಮೇಕೆಯ ಕಾಟ ತಪ್ಪುತ್ತದೆ ಎಂದರು. ಹರಕೆ ಬಾಕಿ ಇದ್ದವರು ಸಾಲಾಗಿ ಹೊಳೆಯ ಕಡೆ ಹೊರಟರು. ಇಲ್ಲದವರು ಅಲ್ಲಿಯೇ ಒಂದು ಹರಕೆ ಹೊತ್ತುಕೊಂಡು ಅವರ ಹಿಂದೆ ಹೋದರು. ಬೋಳು ತಲೆಯ ಮೇಲೆ ದ್ರಾವಣ ನಿಲ್ಲದೆ ಜಾರಿಹೋಗುವುದರಿಂದ ತಲೆಗೆ ಮೂರು ಬಾಟಲಿಯಂತೆ ಬೇಕಾಯಿತು. ಮಾರ್ಚ್ ಮುಗಿಯುವುದರೊಳಗೆ ದಾಸ್ತಾನು ಖಾಲಿಯಾಗಿ, ಮದನ್ ಅವರಿಂದ ಹೆಚ್ಚುವರಿ ತರಿಸಿದೆವು. ನಮ್ಮ ಪದ್ಧತಿಗೆ 'ಕಪಿಲಾ ಮಾದರಿ' ಎಂದು ಹೆಸರು ಬಂದು, ಬೇರೆ ತಾಲ್ಲೂಕಿನವರು ಅಧ್ಯಯನ ಪ್ರವಾಸಕ್ಕೆ ಬರತೊಡಗಿದರು. ಹೇಮಂತ್‌ ಕೂಡ ಸರ್ಟಿಫಿಕೇಟಿಗೆ ಬೆಲೆ ಕೊಡುವ ಮನುಷ್ಯ. ತಲೆ ದುರಸ್ತಿಯಾಗಿದೆ ಎಂದು ಮೊಹರು ಹಾಕಿದ್ದನ್ನು ನೋಡಿ ಭಾನುಪ್ರಿಯಾಳನ್ನು ಕೌಂಟರಿಗೆ ಕರೆದುಕೊಂಡ.

ಆಷಾಢದಲ್ಲಿ ಅವಳು ಕಡತ ಮುಕ್ತಾಯದ ಸಹಿಗೆಂದು ಬಂದಳು. ಈಗ ಬಾಟಲಿಗಳಿರಲಿಲ್ಲ, ಒಳಗೇ ಬಂದು ಕೂತಳು. ಅವಳ ತಲೆಯ ಮೇಲೆ ಕಾಳುಮೆಣಸು ಚೆಲ್ಲಿದ ಹಾಗೆ ಸಣ್ಣ ಸಣ್ಣ ಸುರುಳಿ ಎದ್ದಿತ್ತು. ಸಾಹೇಬರು ಭೂತಗನ್ನಡಿ ಹಿಡಿದು ನೋಡಿ ಚಿಂತೆಗೆ ಬಿದ್ದರು. ಸಂಪೂರ್ಣ ದುರಸ್ತಿಯಾದ ತಲೆಯಲ್ಲಿ ಪೂರ್ವಾನುಮತಿ ಇಲ್ಲದೆ ಬೆಳವಣಿಗೆ ಕಂಡುಬಂದಿದೆ, ಗುಂಗುರು ಬೇರೆ. ಇದನ್ನು ತಡೆಯಬೇಕು, ಇಲ್ಲವೆ ಮತ್ತೆ ಮಹಜರು ಮಾಡಬೇಕು ಎಂದರು.

ಭಾನುಪ್ರಿಯಾ ನಗುನಗುತ್ತಲೇ ಎದ್ದಳು.

"ಮಹಜರು ಮಾಡಿ ಸಾ, ನಾನೇನು ಬ್ಯಾಡ ಅಂದಿಲ್ಲ. ನೀವು ಗಡಿ ತನಕ ಬರೋ ಹೊತ್ಗೆ ನಂಗೆ ಸೊಂಟದ ತನಕ ಜಡೆ ಬಂದಿರ್ತದೆ."

ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡಿ, ಅದು ಸರಿಯಾದ ಅಂದಾಜು ಎಂದು ಒಪ್ಪಿಕೊಂಡರು. ಮುಂದಿನ ಜಂಟಿ ಮಹಜರನ್ನು ಜಡೆ ಸೊಂಟ ಮುಟ್ಟಿದ ಮೇಲೆ ಇಟ್ಟುಕೊಳ್ಳತಕ್ಕದ್ದು ಎಂದು ಬರೆದುಕೊಳ್ಳಲು ನನಗೆ ಹೇಳಿದರು. ನಾನು ಹಾಗೆಯೇ ಬರೆದೆ. ಸಾಹೇಬರು ಸಹಿ ಮಾಡಿದರು, ಕೆಳಗೆ ಅವಳೂ ಸಹಿ ಮಾಡಿದಳು.