ಪಾದ್ರಿ ಸೈಕಲ್ಲಿನ ಪೊಂ ಪೊಂ

ವೃತ್ತಿಜೀವನವಿಡೀ ಕಾಲೇಜಿನ ಕರಿಹಲಗೆಯ ಮೇಲೆ ಘರ್ಷಣೆಯ ಪಾಠ ಮಾಡಿದ ಅನಂತಪದ್ಮನಾಭ ಭಟ್ಟರಿಗೆ, ಅದೇ ವಿಷಯದ ಪ್ರಾಯೋಗಿಕ ತರಗತಿ ಶುರುವಾದದ್ದು ನಿವೃತ್ತಿಯ ನಂತರ, ಸ್ವಂತ ಮನೆಯ ಹಿತ್ತಿಲಿನ ಶೆಡ್ಡಿನಲ್ಲಿ.

ಕಟಪಾಡಿಯ ಅವರ ಮನೆಯ ಹಿಂದೆ ಸಿಮೆಂಟ್ ಶೀಟ್ ಹೊದೆಸಿದ ಆ ಶೆಡ್ಡನ್ನು ಕಟ್ಟಿಸಿದ್ದು ಕಾರಿಗೆಂದು. ಕಾರು ಬರಲೇ ಇಲ್ಲ. ಬರದ ಕಾರಿನ ಜಾಗಕ್ಕೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡರು. ಒಬ್ಬರು ಭಟ್ಟರು, ಅವರಿಗೆ ಹಳೆಯ ಸೈಕಲ್ ಸಂಗ್ರಹಿಸುವ ಹುಚ್ಚು. ಇನ್ನೊಬ್ಬರು ಅವರ ಹೆಂಡತಿ. ಆಕೆಗೆ ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಹುಮ್ಮಸ್ಸು. ಹಪ್ಪಳದ ಡಬ್ಬಗಳು ಆಗಲೇ ಮಂಚದ ಅಡಿಯನ್ನು ಗೆದ್ದು, ಕಪಾಟನ್ನು ಆಕ್ರಮಿಸಿ, ದೇವರ ಕೋಣೆಯ ಹೊಸ್ತಿಲವರೆಗೆ ದಂಡಯಾತ್ರೆ ಮಾಡಿದ್ದವು.

ಆಕೆಯ ಹೆಸರು ಮೂಕಾಂಬಿಕಾ. (ಹೆಸರಿಟ್ಟ ಹಿರಿಯರು ಮಗು ಮಾತು ಕಲಿಯುವವರೆಗೆ ಕಾಯಬೇಕಿತ್ತು.) ಉಡುಪಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದವರಾದ್ದರಿಂದ ಎರಡು ಭಾಷೆಗಳಲ್ಲಿ ಸಮಾನವಾಗಿ ಚುಚ್ಚಬಲ್ಲರು.

"ಒಂದು ಮನೆಗೆ ಒಂದು ಸೈಕಲ್ ಸಾಕಾಗುವುದಿಲ್ವಾ?"

"ಇದು ಸೈಕಲ್ ಅಲ್ಲ, ಸಂಗ್ರಹ."

"ಓಡದಿದ್ದರೆ ಸಂಗ್ರಹ, ಓಡಿದರೆ ಸೈಕಲ್, ಹಾಗಾ?"

"ನೋಡು, ಇದು ಹರ್ಕ್ಯುಲಿಸ್. ಇಂಗ್ಲೆಂಡಿನದ್ದು."

"ಸೀಟು ನೋಡುವಾಗಲೇ ಗೊತ್ತಾಯಿತು ಹರಕುಲಿಸ್ ಅಂತ."

ಆದರೂ ಶೆಡ್ಡು ಮೊದಲು ಸಿಕ್ಕಿದ್ದು ಭಟ್ಟರಿಗೇ. ಮೂಕಾಂಬಿಕಾ ತವರಿಗೆ ಹೋಗಿದ್ದ ಶುಭಮುಹೂರ್ತದಲ್ಲಿ ಅವರು ಗೋಡೆಗೆ ಹಲಗೆ ಬಡಿದು, ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ತೂಗುಹಾಕಿ, ಪ್ರತಿಯೊಂದರ ಸುತ್ತ ಬಿಳಿ ಪೇಂಟಿನಲ್ಲಿ ಗಡಿ ಎಳೆದು, ಬಾಗಿಲಿಗೆ 'ಅನಂತ ಸೈಕಲ್ ಕಾರ್ಯಾಗಾರ' ಎಂಬ ಬೋರ್ಡು ಏರಿಸಿಬಿಟ್ಟರು. ತವರಿನಿಂದ ಬಂದ ಹೆಂಡತಿ ಬೋರ್ಡನ್ನು ಎರಡು ಸಲ ಓದಿದರು.

"ಅನಂತ ಅಂತ ನೀವೇ ಬರೆದು ಹಾಕಿದ್ದು ಒಳ್ಳೆಯದಾಯಿತು. ಇದಕ್ಕೆ ಅಂತ ಇಲ್ಲ ಅಂತ ನಾನು ಹೇಳುವುದು ಬೇಡ."

ಕೆಲಸವೇನೋ ಭರದಿಂದ ನಡೆಯಿತು. ಬಿಚ್ಚುವ ಕೆಲಸ. ಭಟ್ಟರ ಕೈಯಲ್ಲಿ ಒಂದು ಸೈಕಲ್ ಸಂಜೆಯೊಳಗೆ ನೂರಾರು ತುಂಡುಗಳಾಗುತ್ತಿತ್ತು. ಅವು ಮತ್ತೆ ಒಂದಾಗಲು ಮಾತ್ರ ಒಪ್ಪುತ್ತಿರಲಿಲ್ಲ. ಹಬ್ಬ ಬಂತು, ಭಟ್ಟರು ಚಕ್ರದ ಹಬ್ ಬಿಡಲಿಲ್ಲ. ಮಡಿಬಟ್ಟೆ ಒಣಗುವ ಹಗ್ಗದಲ್ಲಿ ಚೈನುಗಳು ಒಣಗಿದವು. ಕೊನೆಗೊಂದು ಬೆಳಿಗ್ಗೆ ಇಡ್ಲಿಯಿಂದ ಸೀಮೆಎಣ್ಣೆಯ ಪರಿಮಳ ಬಂದಾಗ ವಿಚಾರಣೆ ನಡೆಯಿತು.

"ಬೇರಿಂಗಿನ ಗುಂಡುಗಳು ಎಷ್ಟು ಸಣ್ಣ ಉಂಟು ಗೊತ್ತುಂಟಾ ನಿನಗೆ?" ಎಂದು ಭಟ್ಟರು ವಾದಿಸಿದರು. "ಇಡ್ಲಿ ತಟ್ಟೆಯ ಗುಳಿಯಲ್ಲಿ ಇಟ್ಟರೆ ಮಾತ್ರ ಉರುಳಿ ಹೋಗುವುದಿಲ್ಲ."

"ಬೇರಿಂಗ್ ಅಂದರೆ ಎಂತ ಅಂತ ನನಗೆ ಹೇಳಿಕೊಡಬೇಡಿ. ಮದುವೆಯಾದಂದಿನಿಂದ ನಾನು ಮಾಡ್ತಾ ಇರುವುದು ಅದನ್ನೇ."

ಆ ದಿನವೇ ಒಪ್ಪಂದವಾಯಿತು. ಮಣಿಪಾಲದ ಹಳೆ ಸೈಕಲ್ ಪ್ರೇಮಿಗಳ ಕೂಟದವರು ಕಟಪಾಡಿಯಿಂದ ಮಟ್ಟುವಿನ ಕಡಲ ದಾರಿಯಾಗಿ ಕಾಪುವಿನ ದೀಪಸ್ತಂಭದವರೆಗೆ ಒಂದು ಭಾನುವಾರ ಸವಾರಿ ಇಟ್ಟುಕೊಂಡಿದ್ದರು.

"ನಿಮ್ಮದು ಯಾವುದಾದರೂ ಒಂದು ಸೈಕಲ್, ನಿಮ್ಮನ್ನು ಹೊತ್ತುಕೊಂಡು, ಲೈಟ್‌ಹೌಸ್ ಮುಟ್ಟಲಿ. ಶೆಡ್ಡು ನಿಮಗೆ. ನಾನು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ," ಎಂದರು ಮೂಕಾಂಬಿಕಾ. "ಟೆಂಪೋದಲ್ಲಿ ಹಾಕಿಕೊಂಡು ಬಂದರೆ ಶೆಡ್ಡು ನನಗೆ. ಬರುವ ತಿಂಗಳು ಗಣಹೋಮಕ್ಕೆ ಸುಘೋಷ ಬರ್ತಾನೆ. ಅವನನ್ನು ಹಪ್ಪಳದ ಡಬ್ಬದ ಮೇಲೆ ಕೂರಿಸಲಿಕ್ಕೆ ಆಗ್ತದಾ?"

ಸುಘೋಷ ಭಟ್ಟರ ಚಿಕ್ಕಪ್ಪನ ಮಗ. ಉಡುಪಿಯಲ್ಲಿ ಪೌರೋಹಿತ್ಯ. ಅವನ ಕಿವಿಗೆ ಬಿದ್ದದ್ದು ಪ್ರಸಾದದ ಜೊತೆಯಲ್ಲೇ ಬಂಧುಬಳಗಕ್ಕೆಲ್ಲ ವಿತರಣೆಯಾಗುತ್ತದೆ. ಅವನೆದುರು ಸೋಲುವುದಕ್ಕಿಂತ ಸೈಕಲ್ ಓಡಿಸುವುದೇ ವಾಸಿ ಎಂದು ಭಟ್ಟರು ಒಪ್ಪಿದರು. ಒಪ್ಪಿದ ಮೇಲೆ ಶೆಡ್ಡಿಗೆ ಹೋಗಿ ನೋಡಿದರೆ ಎರಡು ಚಕ್ರ ಒಟ್ಟಿಗಿರುವ ಸೈಕಲ್ ಒಂದೂ ಇರಲಿಲ್ಲ.

ಮಾರನೆಯ ದಿನವೇ ಅವರು ಕಾರ್ಕಳ ದಾಟಿ ಬಜಗೋಳಿಯವರೆಗೆ ಹೋಗಿ, ಗುಜರಿ ಅಂಗಡಿಯೊಂದರಿಂದ ಇನ್ನೊಂದು ಸೈಕಲ್ ತಂದರು. ಗಜಗಾಂಭೀರ್ಯದ ವಾಹನ. ದಪ್ಪ ಕಬ್ಬಿಣದ ಚೌಕಟ್ಟು, ಹಿಂದೆ ಮಂಚದಷ್ಟು ಅಗಲದ ಕ್ಯಾರಿಯರ್, ಹ್ಯಾಂಡಲ್ಲಿಗೆ ತುತ್ತೂರಿಯಂಥ ಹಿತ್ತಾಳೆಯ ಹಾರ್ನು. ಹಾರ್ನಿನ ರಬ್ಬರ್ ಬುರುಡೆ ಮಾತ್ರ ಒಡೆದಿತ್ತು. ಇದು ಒಬ್ಬ ಬಿಳಿ ಪಾದ್ರಿಯ ಸೈಕಲ್ ಎಂದು ಗುಜರಿಯವನು ಹೇಳಿದ್ದ. ಉಳಿದ ಸಂಶೋಧನೆಯನ್ನು ಭಟ್ಟರೇ ಬಸ್ಸಿನ ದಾರಿಯಲ್ಲಿ ಪೂರೈಸಿದ್ದರು.

"ಈ ಕ್ಯಾರಿಯರಿನಲ್ಲಿ ಅವರು ಹಾರ್ಮೋನಿಯಂ ಕೊಂಡುಹೋಗ್ತಾ ಇದ್ದದ್ದು. ಊರೂರು ಪ್ರಾರ್ಥನೆಗೆ."

"ಎಂತದೋ ವಾಸನೆ ಬರ್ತದಲ್ಲ ಇದರಿಂದ," ಎಂದರು ಮೂಕಾಂಬಿಕಾ.

"ಹಳೆಯ ಲೋಹಕ್ಕೆ ಹಾಗೆಯೇ. ಅದು ಇತಿಹಾಸದ ವಾಸನೆ."

"ಬಿಸಿಲಿಗೆ ಇಟ್ಟರೆ ಇತಿಹಾಸ ಜಾಸ್ತಿಯಾಗ್ತದೆ. ಒಳಗೇ ಇಡಿ."

ಆ ಸಂಜೆಯಿಂದ ಶೆಡ್ಡಿಗೆ ಬೆಕ್ಕುಗಳು ಬರತೊಡಗಿದವು. ಮೊದಲು ಒಂದು ಕಂದು, ಆಮೇಲೆ ಅದರ ಸಂಸಾರ, ಆಮೇಲೆ ಅದರ ಸಮಾಜ. ಉಳಿದ ಸೈಕಲ್ಲುಗಳ ಕಡೆ ಅವು ತಿರುಗಿಯೂ ನೋಡಲಿಲ್ಲ. ಪಾದ್ರಿಯ ಸೈಕಲ್ಲಿನ ಸುತ್ತ ಕುಳಿತು ಕ್ಯಾರಿಯರಿಗೆ ಕೆನ್ನೆ ಉಜ್ಜುತ್ತ ಕಣ್ಣು ಮುಚ್ಚುತ್ತಿದ್ದವು. ಮೂಕಪ್ರಾಣಿಗಳಿಗೆ ಇರುವ ಅಭಿರುಚಿ ಮೂಕಾಂಬಿಕೆಗೆ ಇಲ್ಲವಲ್ಲ ಎಂದು ಭಟ್ಟರು ಮನಸ್ಸಿನಲ್ಲೇ ನೊಂದುಕೊಂಡರು. (ಇಂಥವನ್ನು ಅವರು ಮನಸ್ಸಿನಲ್ಲೇ ಮಾಡುವುದು.)

ಈ ಸೈಕಲ್ ಒಂದು ವಿಷಯದಲ್ಲಿ ಭಿನ್ನವಾಗಿತ್ತು: ಅದು ಹಾಳಾಗಿರಲಿಲ್ಲ. ಎಣ್ಣೆ ಬಿಟ್ಟರೆ ಸಾಕಿತ್ತು. ಆದರೂ ಏನೂ ಬಿಚ್ಚದೆ ಇರುವುದು ಕಾರ್ಯಾಗಾರಕ್ಕೆ ಶೋಭೆಯಲ್ಲವೆಂದು ಭಟ್ಟರು ಬ್ರೇಕನ್ನಷ್ಟು ಬಿಚ್ಚಿ, ಮತ್ತೆ ಜೋಡಿಸಿದರು. ಒಂದು ಸ್ಕ್ರೂ ಉಳಿಯಿತು. ಅದನ್ನು ಜೋಪಾನವಾಗಿ ಡಬ್ಬದಲ್ಲಿಟ್ಟರು.

ಹಾರ್ನಿನ ಬುರುಡೆ ಸಿಕ್ಕಿದ್ದು ಸವಾರಿಯ ಹಿಂದಿನ ದಿನ, ಸಂತೆಕಟ್ಟೆಯ ಒಂದು ಅಂಗಡಿಯಲ್ಲಿ. ಅಂಗಡಿಯವರು ಅದನ್ನು ಒತ್ತಿ ನೋಡುತ್ತ ಕೇಳಿದರು, "ಯಾವ ಲೈನಿಗೆ ಹೋಗುವುದು ನೀವು?"

"ಕಟಪಾಡಿಯಿಂದ ಮಟ್ಟು ದಾರಿಯಾಗಿ ಕಾಪು."

"ಒಳ್ಳೆಯ ಲೈನು. ಭಾನುವಾರ ಬೇಗ ಹೋಗಿ."

ಊರವರಿಗೂ ಸವಾರಿಯ ಸುದ್ದಿ ತಲುಪಿದೆ ಎಂದು ಭಟ್ಟರಿಗೆ ಸಂತೋಷವಾಯಿತು.

ಕೂಟದ ಅಧ್ಯಕ್ಷರು ಡೀನ್. ಮಣಿಪಾಲದಲ್ಲಿ ಡೀನ್ ಎಂದರೆ ಜನ ಎದ್ದು ನಿಲ್ಲುತ್ತಾರೆ. ಇವರು ಯಾವ ಕಾಲೇಜಿಗೂ ಡೀನ್ ಅಲ್ಲ, ಚರ್ಚಿನ ನಾಮಕರಣದಲ್ಲೇ ಡೀನ್, ವಿದ್ಯುತ್ ದೀಪಗಳ ಅಂಗಡಿಯವರು. ಭಾನುವಾರ ಬೆಳಿಗ್ಗೆ ಕಟಪಾಡಿಯಲ್ಲಿ ಅವರು ಎಲ್ಲರಿಗೂ ಹೇಳಿದರು: "ಹಾರ್ನ್ ಇದ್ದವರು ಹೊಡೆಯುತ್ತಾ ಬನ್ನಿ ಮಾರಾಯ್ರೆ. ಜನ ಮನೆಯಿಂದ ಹೊರಗೆ ಬಂದು ನೋಡಬೇಕು."

ಹಳೆಯ ಕಾಲದ ಉಡುಪು ಎಂದು ನಿಯಮವಿದ್ದುದರಿಂದ ಭಟ್ಟರು ಪಂಚೆ ಉಟ್ಟಿದ್ದರು. ಚೈನಿಗೆ ಸಿಕ್ಕೀತೆಂದು ಅದನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದ್ದರು. ಬಿಸಿಲಿಗೆ ಇರಲಿ ಎಂದು ಮೂಕಾಂಬಿಕಾ ತಲೆಗೆ ಬೈರಾಸು ಸುತ್ತಿ ಕಳಿಸಿದ್ದರು. ಅಷ್ಟೇ ಅಲ್ಲ, "ಸುಮ್ಮನೆ ಹೋಗುವ ಬದಲು ಕೂಟದವರಿಗೆ ರುಚಿಗೆ ಕೊಡಿ," ಎಂದು ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಪೊಟ್ಟಣಗಳನ್ನು, ಪುಡಿಯಾಗದಂತೆ ಒಂದು ದೊಡ್ಡ ಬಿಳಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತುಂಬಿ ಕ್ಯಾರಿಯರಿಗೆ ಬಿಗಿದಿದ್ದರು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತ್ತು ಪೆಟ್ಟಿಗೆ.

ಕರಾವಳಿಯ ಯಾವ ಮಗುವಿಗೂ ಇಷ್ಟು ಹೇಳಿದರೆ ಸಾಕು. ಆದರೆ ಭಟ್ಟರ ಮನೆಯಲ್ಲಿ ಅಂಥ ಹಾರ್ನಿನ ಸದ್ದಿಗೆ ಪಾತ್ರೆ ಹಿಡಿದು ಗೇಟಿಗೆ ಓಡುವ ಪ್ರಸಂಗ ತಲೆಮಾರುಗಳಿಂದ ಬಂದಿರಲಿಲ್ಲ. ದಿನಾ ಕಿವಿಗೆ ಬೀಳುತ್ತಿದ್ದ ಪೊಂ ಪೊಂ ಅವರ ತಲೆಗೆ ಒಮ್ಮೆಯೂ ಹೋಗಿರಲಿಲ್ಲ.

ಸ್ವಂತ ಬೀದಿಯಲ್ಲಿ ಮೊದಲ ಸಲ ಹಾರ್ನು ಒತ್ತಿದಾಗ ಒಂದು ಗೇಟು ತೆರೆಯಿತು. ಎರಡನೆಯ ಸಲಕ್ಕೆ ಐದಾರು. ಭಟ್ಟರ ಎದೆ ಉಬ್ಬಿತು. ಪರಂಪರೆಯ ಬಗ್ಗೆ ಜನರಿಗೆ ಇಷ್ಟು ಕಾಳಜಿ ಇದೆಯೆಂದು ಅವರು ಎಣಿಸಿರಲಿಲ್ಲ. ಕೈಯಲ್ಲಿ ಪಾತ್ರೆಗಳೇಕೆ ಎಂಬುದು ಅರ್ಥವಾಗುವ ಮೊದಲೇ ಪುಷ್ಪಾವತಿ ಅಡ್ಡ ಬಂದು ನಿಂತರು. ಮೂರನೆಯ ಮನೆಯವರು, ಗಂಡನ ಬೋಟು ಕಡಲಿಗೆ ಹೋಗಿ ಇನ್ನೂ ಮರಳಿರಲಿಲ್ಲ, ಮಾಮೂಲಿ ಮೀನಿನವರು ಆ ವಾರ ರಜೆ.

"ಬಂಗುಡೆ ಉಂಟಾ?" ಎಂದವರು ಬೈರಾಸಿನ ಕೆಳಗಿನ ಮುಖ ನೋಡಿ ಸ್ವರ ತಗ್ಗಿಸಿದರು. "ಅಯ್ಯೋ, ಭಟ್ರಾ? ನೀವು ಯಾವಾಗ ಶುರು ಮಾಡಿದ್ದು?"

"ಎಂತದು?"

"ಪರವಾಗಿಲ್ಲ, ಯಾವ ಕೆಲಸವೂ ಸಣ್ಣದಲ್ಲ. ಪೆನ್ಶನ್ ಸಾಕಾಗುವುದಿಲ್ಲ ಅಲ್ವಾ ಈಗ. ಬಂಗುಡೆ ಇಲ್ಲದಿದ್ದರೆ ಬೂತಾಯಿ ಕೊಡಿ."

"ಇದು ವಿಂಟೇಜ್ ಅಮ್ಮ," ಎಂದರು ಭಟ್ಟರು.

"ಹಾಗೆ ಅಂದರೆ?"

"ಹಳೆಯದು. ತುಂಬಾ ಹಳೆಯದು."

ಪುಷ್ಪಾವತಿ ಹಿಂದೆ ಸರಿದರು. "ಹಳೆಯದು ಬೇಡ ಮಾರಾಯ್ರೆ, ಮಕ್ಕಳು ತಿನ್ನುವುದು. ವಾಸನೆಯಲ್ಲೇ ಗೊತ್ತಾಯಿತು ನನಗೆ."

ಅಷ್ಟರಲ್ಲಿ ಎದುರುಮನೆಯ ಆಲಿಸ್ ಬಾಯಿ ಪೆಟ್ಟಿಗೆಯ ಮುಚ್ಚಳವನ್ನೇ ತೆರೆದಿದ್ದರು. ಒಳಗೆ ಐಸು ಇಲ್ಲ, ಮೀನಿಲ್ಲ, ಹಲಸಿನ ಹಪ್ಪಳ. ಪಾತ್ರೆ ಹಿಡಿದು ಬಂದವರು ಬರಿಗೈಯಲ್ಲಿ ಒಳಗೆ ಹೋಗುವುದು ಹೇಗೆ?

"ಮೀನಿಲ್ಲದ ಊಟಕ್ಕೆ ಇದಾದರೂ ಇರಲಿ," ಎಂದು ಆಲಿಸ್ ಬಾಯಿ ಎರಡು ಪೊಟ್ಟಣ ಎತ್ತಿಕೊಂಡರು. "ಉಪ್ಪಿನಕಾಯಿ ಮಿಡಿಯದ್ದಾ? ಮೂಕಾಂಬಿಕಾ ಕೈಯದ್ದಾ? ಕೊಡಿ, ಕೊಡಿ."

ಮುಂದಿನ ಬೀದಿಗಳಲ್ಲಿ ಭಟ್ಟರು ಹಾರ್ನು ಮುಟ್ಟಲಿಲ್ಲ. ಆದರೆ ಥರ್ಮಾಕೋಲ್ ಪೆಟ್ಟಿಗೆಯೇ ಸಾಕಾಗಿತ್ತು, ಜೊತೆಗೆ ಹಿಂದೆ ಸಾಲಾಗಿ ಬರುತ್ತಿದ್ದ ಬೆಕ್ಕುಗಳು. ಮಟ್ಟುವಿನಲ್ಲಿ ಜನ ಅಡ್ಡಹಾಕಿ ನಿಲ್ಲಿಸಿದರು, ಸೇತುವೆ ಹತ್ತಿರ ನಿಲ್ಲಿಸಿದರು. ಕೂಟದವರೆಲ್ಲ ದೀಪಸ್ತಂಭದ ನೆರಳಿನಲ್ಲಿ ಎಳನೀರು ಕುಡಿದು ಮುಗಿಸಿದ ಮೇಲೆ, ಖಾಲಿ ಪೆಟ್ಟಿಗೆ ಹೊತ್ತು ಭಟ್ಟರ ಸೈಕಲ್ ಕಾಪು ಮುಟ್ಟಿತು. ಭಟ್ಟರು ಸೈಕಲ್ಲಿನ ಮೇಲೇ ಇದ್ದರು. ಒಪ್ಪಂದದ ಪ್ರಕಾರ ಗೆಲುವು.

ಡೀನ್ ಸೈಕಲ್ಲಿಗೆ ಒಂದು ಪ್ರದಕ್ಷಿಣೆ ಬಂದರು. ಕ್ಯಾರಿಯರ್ ಮುಟ್ಟಿ ಬೆರಳು ಮೂಸಿದರು.

"ಪಾದ್ರಿಯದ್ದಾ ಸರ್ ಇದು?"

"ಹೌದು. ಹಾರ್ಮೋನಿಯಂ ಕೊಂಡುಹೋಗ್ತಾ ಇದ್ದದ್ದು."

"ನಮ್ಮ ಪಾದ್ರಿಗಳು ಶುಕ್ರವಾರ ಮೀನು ತಿನ್ನುವುದುಂಟು ಸರ್," ಎಂದರು ಡೀನ್ ಬಹಳ ಮರ್ಯಾದೆಯಿಂದ. "ಮಾರುವುದು ನಾನು ಕೇಳಿಲ್ಲ."

ದಾರಿಯಲ್ಲಿ ನಡೆದದ್ದನ್ನು ಮನೆಯಲ್ಲಿ ಹೇಳಬಾರದೆಂದು ನಿಶ್ಚಯಿಸಿ ಭಟ್ಟರು ಹಿಂದಿರುಗಿದರೆ, ಮೂಕಾಂಬಿಕಾ ಫೋನಿನಲ್ಲಿ ಮಾತಾಡುತ್ತಿದ್ದರು. "ಆಗಲಿ ಆಲಿಸ್ ಬಾಯಿ, ಬರುವ ಭಾನುವಾರ ಕಳಿಸ್ತೇನೆ... ಹೌದು, ಇವರೇ ಬರ್ತಾರೆ... ಹಾರ್ನ್ ಹೊಡೀತಾರೆ, ಹೊಡೆಯದೆ ಎಂತ."

"ಶೆಡ್ಡು ನನ್ನದು," ಎಂದರು ಭಟ್ಟರು ಬಾಗಿಲಲ್ಲೇ.

"ನಿಮ್ಮದೇ. ನಾನು ಮಾತಿಗೆ ತಪ್ಪುವವಳಲ್ಲ," ಎಂದು ಮೂಕಾಂಬಿಕಾ ಫೋನು ಕೆಳಗಿಟ್ಟರು. "ಆದರೆ ಸೈಕಲ್ ಅಲ್ಲಿರುವಾಗ ಲೋಡು ಇಲ್ಲಿ ಎಂತಕ್ಕೆ? ನೀವೇ ಅಲ್ಲಿ ಇಟ್ಟುಕೊಳ್ಳಿ."

ಹಾಗೆ ಶೆಡ್ಡು ಭಟ್ಟರಲ್ಲೇ ಉಳಿಯಿತು. ಡಬ್ಬಗಳು ಅಲ್ಲಿಗೆ ವಾಸ ಬದಲಿಸಿದವು. ಬಿಳಿ ಗಡಿಗಳೊಳಗಿಂದ ಸ್ಪ್ಯಾನರುಗಳು ಇಳಿದು, ಅದೇ ಮೊಳೆಗಳಿಗೆ ಸಂಡಿಗೆಯ ಚೀಲಗಳು ಏರಿದವು. ಹರ್ಕ್ಯುಲಿಸ್ಸಿನ ಚೌಕಟ್ಟಿನ ಮೇಲೆ ಹಪ್ಪಳದ ಚಾಪೆ ಒಣಗಿತು. ಬೋರ್ಡನ್ನು ಮೂಕಾಂಬಿಕಾ ತೆಗೆಸಲಿಲ್ಲ. ಕಾರ್ಯಾಗಾರದಲ್ಲಿ ಈಗಲಾದರೂ ಕಾರ್ಯ ಆಗುತ್ತಿತ್ತಲ್ಲ.

ಗಣಹೋಮದ ದಿನವೂ ಭಾನುವಾರವೇ. "ಸುಘೋಷ ಬರುವುದರೊಳಗೆ ಒಂದು ಸುತ್ತು ಹೋಗಿ ಸ್ನಾನ ಮಾಡಿಬಿಡಿ," ಎಂದು ಹೆಂಡತಿ ಕಳಿಸಿದ್ದರು. ಭಟ್ಟರು ಪೆಟ್ಟಿಗೆ ಖಾಲಿ ಮಾಡಿ ಬೀದಿಯ ಇಳಿಜಾರಿನಲ್ಲಿ ಮನೆ ಕಡೆ ಬರುವಾಗ ಮುಂದೊಂದು ಆಟೋ ನಿಂತಿತ್ತು. ಅದರಿಂದ ಹೊರಚಾಚಿದ್ದ ಪೂಜೆಯ ಚೀಲವನ್ನೂ ಜರಿ ಶಾಲನ್ನೂ ಅವರು ದೂರದಿಂದಲೇ ಗುರುತಿಸಿದರು. ತೆಂಗಿನ ಮರದ ಹಿಂದೆ ಮರೆಯಾಗೋಣವೆಂದು ಬ್ರೇಕ್ ಹಿಡಿದರು. ಇಡೀ ಸೈಕಲ್ಲಿನಲ್ಲಿ ಅವರು ಸ್ವತಃ ರಿಪೇರಿ ಮಾಡಿದ ಭಾಗ ಅದೊಂದೇ. ಸೈಕಲ್ ನಿಲ್ಲಲಿಲ್ಲ. ಗಾಬರಿಯಲ್ಲಿ ಕೈ ಇನ್ನೇನನ್ನೋ ಹಿಡಿಯಿತು.

ಪೊಂ ಪೊಂ.

ಬೀದಿಯ ಗೇಟುಗಳೆಲ್ಲ ತೆರೆದವು. ಕಾಲುಗಳನ್ನು ನೆಲಕ್ಕೆ ಊರಿ ಭಟ್ಟರು ಆಟೋದ ಬೆನ್ನಿಗೆ ತಾಗಿ ನಿಂತಾಗ ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಅನಂತಪದ್ಮನಾಭ ಭಟ್ಟರ ಮನೆ ಮಾರಾಯ. ಫಿಸಿಕ್ಸ್ ಲೆಕ್ಚರರ್ ಆಗಿದ್ದವರು," ಎಂದು ಸುಘೋಷ ಬಿಡಿಸಿ ಹೇಳುತ್ತಿದ್ದ. "ಮುಂದೆ ಹೋಗು."

"ಓ, ಮೀನಿನ ಭಟ್ರಾ? ಹಾಗೆ ಹೇಳಿ ಅಲ್ವಾ," ಎಂದ ಡ್ರೈವರ್. "ನಮ್ಮ ಮನೆಗೂ ಅವರದ್ದೇ. ಅಗೋ, ಹಿಂದೆಯೇ ಬಂದರಲ್ಲ."

ಸುಘೋಷ ನಿಧಾನವಾಗಿ ತಿರುಗಿದ. ಮೊದಲು ಬೈರಾಸು ನೋಡಿದ, ಆಮೇಲೆ ಹಾರ್ನು, ಪೆಟ್ಟಿಗೆ, ಕೊನೆಗೆ ಅದರ ಹಿಂದೆ ಶಿಸ್ತಾಗಿ ಕುಳಿತ ಬೆಕ್ಕುಗಳನ್ನು. ಶಾಲಿನ ತುದಿ ತಾನಾಗಿ ಮೂಗಿಗೆ ಏರಿತು.

"ಅಣ್ಣ... ಎಂತದು ಈ ವಾಸನೆ?"

"ಇತಿಹಾಸದ್ದು," ಎಂದರು ಭಟ್ಟರು.

"ಅಲ್ಲ ಸ್ವಾಮಿ," ಎಂದ ಡ್ರೈವರ್, ಗೊತ್ತಿರುವುದನ್ನು ಹೇಳುವುದರಲ್ಲಿ ಎಂತ ಸಂಕೋಚ ಎನ್ನುವ ಹಾಗೆ. "ಬಂಗುಡೆಯದ್ದು."