ಉಸಿರಿಗಿಂತ ಮೊದಲು ಹೋದ ಮರ್ಯಾದೆ

ಬೇರೆಯವರಿಗೆ ರೋಗ ಬಂದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಬಂದ ಮೇಲೆ ಮಾತ್ರ ಒಂದಲ್ಲ ಒಂದು ಕಡೆ ತಲೆ ತಗ್ಗಿಸುವಂಥದ್ದೇ ನಡೆಯುತ್ತಾ ಬಂದಿದೆ. ಈಗೀಗ ಚಪ್ಪಲಿ ಮೆಟ್ಟುವಾಗಲೇ, ಇವತ್ತು ಯಾರ ಮುಂದೆ ಮಾನ ಹೋಗಲಿಕ್ಕಿದೆಯೋ ಎಂದುಕೊಂಡು ಹೊರಡುತ್ತೇನೆ.

ನಾನು ತೆಲುಗು ನಾಡಿನ ಗಡಿಯೂರು ಮಕ್ತಲದ ಹತ್ತಿರ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರು. ಒಂದು ದಿನ ಪದ್ಯ ಹೇಳಿಕೊಡುತ್ತಿದ್ದಾಗ ಎದೆಯ ಎಡಗಡೆ ಚುಚ್ಚಿದಂತಾಗಿ, ಉಸಿರು ಸಿಗದೆ ಕುರ್ಚಿ ಹಿಡಿದು ಕುಸಿದೆ. ಪುಪ್ಪಸ ತೂತಾಗಿ ಗಾಳಿ ಎದೆಯೊಳಗೆ ಸೋರಿದೆ ಎಂದರು ಡಾಕ್ಟರು. ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಆ ತೂತು ಮುಚ್ಚುವಾಗಲೇ ಪುಪ್ಪಸದ ಒಂದು ಚೂರು ಕತ್ತರಿಸಿ, ಅದಕ್ಕೆ ಬಣ್ಣ ಹಾಕಿ ರೋಗದ ಗುರುತು ಹುಡುಕಿದರು. ಗುರುತು ಸಿಕ್ಕಿತು. ಹೆಚ್ಚುಕಡಿಮೆ ಹೆಂಗಸರಿಗೇ ಬರುವ, ಅದೂ ಬಲು ಅಪರೂಪಕ್ಕೆ ಬರುವ ರೋಗವಂತೆ. ಪುಪ್ಪಸದ ತುಂಬ ಸಣ್ಣ ಸಣ್ಣ ಗುಳ್ಳೆ ಏಳುತ್ತವಂತೆ.

ಗುರುತು ರೋಗದ ಹೆಸರು ಹೇಳಿತು, ಅಷ್ಟೇ. ಅದು ಎಷ್ಟು ಬೇಗ ನನ್ನ ಉಸಿರು ತಿನ್ನುತ್ತದೆ ಎಂದು ತಿಳಿಯಬೇಕಾದರೆ ಆಗಾಗ ಮಷೀನಿಗೆ ಊದಿ ಅಳೆಯಬೇಕು ಎಂದರು ಡಾಕ್ಟರು. ಉಸಿರು ಇಳಿಯದಿದ್ದರೆ ನನ್ನ ಶಾಲೆ ಉಳಿಯಿತು. ಇಳಿದರೆ ಗುಳಿಗೆ, ಇನ್ನೂ ಇಳಿದರೆ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮನೆಯಲ್ಲಿ ಕೂರುವುದು. ನಾನು ದೇವರಲ್ಲಿ ಕೇಳಿಕೊಂಡದ್ದು ಇಷ್ಟೇ: ಒಂದು ಪದ್ಯವನ್ನು ನಡುವೆ ನಿಲ್ಲಿಸದೆ ಮಕ್ಕಳಿಗೆ ಹಾಡಿ ತೋರಿಸುವಷ್ಟು ಉಸಿರು ಇರಲಿ ಎಂದು.

ಬೀಡಿ

ಪುಪ್ಪಸದ ರೋಗ ಅಂದ ಕೂಡಲೇ ನಮ್ಮ ಕಡೆ ಜನ ಮೊದಲು ಬೆರಳು ನೋಡುತ್ತಾರೆ. ನಮ್ಮ ಹೆಡ್‌ಮಾಸ್ಟರು ಭಾರೀ ಸಭ್ಯಸ್ಥರು. ನನ್ನನ್ನು ಒಬ್ಬಳನ್ನೇ ಕರೆದು, ಗೋಡೆಯ ಕಡೆ ಮುಖ ಮಾಡಿ, ಚಟ ಎನ್ನುವುದು ಯಾರಿಗೂ ಬರಬಹುದು, ಬಿಡುವುದು ದೊಡ್ಡದು ಎಂದು ಹೇಳಿ, ಗಂಟಲು ಸರಿಮಾಡಿಕೊಂಡು ಹೋಗಿಬಿಟ್ಟರು. ಬೀಡಿ ಮುಟ್ಟಿಲ್ಲ ಸಾರ್ ಎಂದು ಹೇಳುವಷ್ಟರಲ್ಲಿ ಅವರು ಬಾಗಿಲು ದಾಟಿದ್ದರು. ಹೇಳಿದ್ದರೂ ಮುಟ್ಟಿದವಳು ಹೇಳಿದಂತೆಯೇ ಇರುತ್ತಿತ್ತು.

ಮನೆಯಲ್ಲಿ ಇನ್ನೂ ಚೆನ್ನ. ನಮ್ಮತ್ತೆ ನನ್ನ ಸೆರಗು ಮೂಸಿ ನೋಡಿದರು, ಜೋಳದ ಡಬ್ಬಿಯಲ್ಲಿ ಕೈ ಆಡಿಸಿದರು. ನಮ್ಮ ಮಾವ ಸೊಸೆಯ ಜೊತೆ ನೇರ ಮಾತಾಡುವವರಲ್ಲ. ಏನಿದ್ದರೂ ಅತ್ತೆಯ ಕೈಯಲ್ಲಿ ಹೇಳಿಸುತ್ತಾರೆ, ನಾನು ಎದುರಿಗೇ ನಿಂತಿದ್ದರೂ ಸರಿ. ಅಂದು ಅವರು ಕಟ್ಟೆಯ ಮೇಲೆ ಕೂತು ಒಂದು ಬೀಡಿ ಹಚ್ಚಿಕೊಂಡು ಅತ್ತೆಗೆ ಹೇಳಿದರು: "ನನ್ನ ಕಟ್ಟಿನ್ಯಾಗಿನ ಬೀಡಿ ದಿನಾ ಕಮ್ಮಿ ಆಗಾಕ ಹತ್ಯಾವಂತ ನಾ ಬಡಕೊಂತಿದ್ದೆ. ಈಗ ಗೊತ್ತಾತು ಯಾರು ಸೇದತಾರಂತ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಆದರೆ ವಿಚಿತ್ರ ನೋಡಿ, ನನಗಿಂತ ಹೆಚ್ಚು ಕೆಂಪಾದದ್ದು ಅತ್ತೆಯ ಮುಖ. ಅವತ್ತಿನಿಂದ ಆ ಮನೆಯಲ್ಲಿ ನನ್ನ ಬೀಡಿಯ ಮಾತೂ ನಿಂತಿತು, ಮಾವನ ಬೀಡಿ ಕಮ್ಮಿಯಾಗುವುದೂ ನಿಂತಿತು.

ತುಪ್ಪದಾಗ ಹುರಿದದ್ದು

ನಮ್ಮದು ಕುರಿ ಕಾಯುವವರ ಮನೆತನ. ಕಾಲು ಮುರಿದವರಿಗೆ ಕುರಿಯ ಕಾಲಿನ ಸಾರು ಕೊಟ್ಟರೆ ಮೂಳೆ ಕೂಡುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಹಾಗಾದರೆ ಪುಪ್ಪಸ ಕೆಟ್ಟವರಿಗೆ ಏನು ಕೊಡಬೇಕು? ಬೀರಪ್ಪನ ಗುಡಿಯ ಮುಂದೆ ಕೂತ ಹಿರಿಯರು ಇದನ್ನು ತೀರ್ಮಾನಿಸಲು ಒಂದು ಬೀಡಿ ಸೇದುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

ಮರುದಿನದಿಂದ ಡಬ್ಬಿಗಳು ಬರತೊಡಗಿದವು. ನೆಗೆಣ್ಣಿ ಸಾರು ಮಾಡಿ ತಂದಳು, ಪಕ್ಕದ ಮನೆಯಾಕೆ ತುಪ್ಪದಲ್ಲಿ ಹುರಿದು ತಂದಳು. ಮರಿಕಲ್ಲಿನ ನಾದಿನಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದಳು. ಬೇಡ ಎಂದರೆ ಬೇಜಾರು, ತಿಂದರೆ ಮರುದಿನ ಇನ್ನೊಂದು ಡಬ್ಬಿ. ಒಬ್ಬ ಹುಡುಗಿಯ ತಾಯಿಯಂತೂ ತರಗತಿಯ ಬಾಗಿಲಲ್ಲೇ ಡಬ್ಬಿ ತೆರೆದು, ಬಿಸಿ ಇರುವಾಗಲೇ ತಿನ್ನಬೇಕೆಂದು ನಿಂತಳು. ಮಕ್ಕಳೆಲ್ಲ ಸುಮ್ಮನೆ ಕೂತು ಟೀಚರು ಕುರಿಯ ಪುಪ್ಪಸ ತಿನ್ನುವುದನ್ನು ನೋಡಿದರು. ಅಷ್ಟು ಗಮನ ಕೊಟ್ಟು ಅವರು ನನ್ನ ಯಾವ ಪಾಠವನ್ನೂ ಕೇಳಿಲ್ಲ.

ಇದರ ಕೊನೆ ಆದದ್ದು ಮಕ್ತಲದ ಸಂತೆಯಲ್ಲಿ. ಪಾಲಕರು, ಹಳೆಯ ವಿದ್ಯಾರ್ಥಿಗಳು, ಪಂಚಾಯತಿಯವರು ಎಲ್ಲ ಓಡಾಡುವ ಹೊತ್ತು. ಮಾಂಸದ ಅಂಗಡಿಯವನು ರಸ್ತೆಯ ಆಚೆಯಿಂದ ಕೂಗಿದ: "ಟೀಚರಮ್ಮಾ, ನಿಮ್ದು ತಗದು ಇಟ್ಟೀನ್ರಿ. ಎರಡೂ ಕಡಿ ನೋಡೀನಿ, ಒಂದ್ ಕಲಿ ಇಲ್ಲ, ಭಾಳ ಛಲೋ ಅದಾವು."

ಆ ವರ್ಷ ನನ್ನ ಪಾಲಿಗೆ ಬಂದ ಒಳ್ಳೆಯ ರಿಪೋರ್ಟು ಅದೊಂದೇ.

ಹೈದರಾಬಾದಿನಲ್ಲಿ ಜಾಗ

ಇದು ಅದಕ್ಕೂ ಮುಂಚಿನದು, ಚೂರು ಕತ್ತರಿಸಿದಾಗಿನದು. ನನ್ನ ತವರು ಗದ್ವಾಲ. ಆಸ್ಪತ್ರೆಗೆ ಬಂದ ನಮ್ಮವ್ವ ಸೆರಗಿನಲ್ಲಿ ಅರಿಶಿನ, ಕುಂಕುಮ, ಒಂದು ತುಂಡು ಹೊಸ ಬಟ್ಟೆ ಕಟ್ಟಿಕೊಂಡೇ ಬಂದಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ, ದೇವರ ಪ್ರಸಾದ ಇರಬೇಕೆಂದುಕೊಂಡೆ. ಡಾಕ್ಟರು ಹತ್ತು ಜನ ಕಲಿಯುವವರನ್ನು ಹಿಂದೆ ಕಟ್ಟಿಕೊಂಡು ಬಂದಾಗ ಅವ್ವ ಎದ್ದು ನಿಂತು, ನನ್ನ ಮಗಳ ಚೂರು ಕೊಡಿ ಎಂದಳು. ಮನುಷ್ಯರ ಮೈಯ ತುಣುಕು ಎಲ್ಲೆಂದರಲ್ಲಿ ಬೀಳಬಾರದು, ಮಣ್ಣಿಗೆ ಕೊಡಬೇಕು, ಹೊಕ್ಕುಳ ಬಳ್ಳಿಯನ್ನೂ ನಾವು ಹೂಳಿಯೇ ಬಂದವರು ಎಂದು ವಾದಿಸಿದಳು.

ಕಲಿಯುವವರು ನಕ್ಕರು. ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ. ಡಾಕ್ಟರು ಮಾತ್ರ ನಗದೆ, ಇಂಥದ್ದು ನಮಗೆ ಸಿಗುವುದೇ ಅಪರೂಪ, ಅದನ್ನು ಮೇಣದಲ್ಲಿ ಭದ್ರವಾಗಿ ಕೂರಿಸಿ ಇಡುತ್ತೇವೆ, ಹೆಸರು ಬರೆದು ಕಪಾಟಿನಲ್ಲಿ ಇಡುತ್ತೇವೆ, ಮುಂದೆ ಇಂಥ ರೋಗ ಬಂದ ಬೇರೆ ಹೆಂಗಸರಿಗೂ ಉಪಯೋಗ ಆಗುತ್ತದೆ ಎಂದು ಬಿಡಿಸಿ ಹೇಳಿದರು. ಅವ್ವ ಸೆರಗಿನ ಗಂಟು ಬಿಚ್ಚಿ, ಚೂರಿಗೆ ಹಚ್ಚಿ ಎಂದು ಕುಂಕುಮವನ್ನು ಡಾಕ್ಟರ ಕೈಗೆ ಕೊಟ್ಟಳು.

ಆಮೇಲೆ ಗದ್ವಾಲದ ಒಂದು ಮದುವೆಯಲ್ಲಿ ಅವ್ವ ನನ್ನ ಕೈ ಹಿಡಿದು ಪಂಕ್ತಿ ಪಂಕ್ತಿ ಸುತ್ತಿಸಿದಳು. ನಮ್ಮ ಬಳಗದವರಿಗೆ ಮಲ್ದಕಲ್ಲಿನಲ್ಲಿ ಹೊಲ ಇರಬಹುದು, ಗದ್ವಾಲದಲ್ಲಿ ಮನೆ ಇರಬಹುದು, ಹೈದರಾಬಾದಿನಲ್ಲಿ ಖಾಯಂ ಜಾಗ ಇರುವುದು ತನ್ನ ಮಗಳಿಗೆ ಒಬ್ಬಳಿಗೇ ಎಂದು ಎಲ್ಲರಿಗೂ ಹೇಳಿದಳು.

ದೀಪ

ಉಸಿರು ಅಳೆಸಲು ನಾನು ನಾರಾಯಣಪೇಟೆಗೆ ಹೋಗುತ್ತೇನೆ. ಅಲ್ಲಿನ ಮಷೀನಿಗೆ ಒಂದು ಪರದೆ ಇದೆ. ಊದುವವರಿಗೆ ಹುರುಪು ಬರಲೆಂದು ಅದರ ಮೇಲೆ ಸಾಲಾಗಿ ಉರಿಯುವ ದೀಪಗಳ ಚಿತ್ರ ಬಿಡುತ್ತಾರೆ. ನಳಿಗೆಗೆ ಬಾಯಿಟ್ಟು ಜೋರಾಗಿ ಊದಿದರೆ ದೀಪಗಳು ಒಂದೊಂದಾಗಿ ಆರುತ್ತವೆ. ಹೋದ ಸಲ ಗಂಡನ ಜೊತೆ ಹೋದಾಗ ನಾನು ಎಲ್ಲವನ್ನೂ ಆರಿಸಿ, ಒಂದೇ ಒಂದು ಉಳಿಸಿದ್ದೆ. ಈ ಸಲವೂ ಅಷ್ಟೇ ಆದರೆ ಉಸಿರು ಇಳಿದಿಲ್ಲ ಎಂದು ಅರ್ಥ. ವಾರದಿಂದ ನನ್ನ ತಲೆಯಲ್ಲಿ ಅದೊಂದೇ ಇತ್ತು.

ಈ ಸಲ ಗಂಡನಿಗೆ ಹತ್ತಿ ಬಿಡಿಸುವ ಕೆಲಸ, ಜೊತೆಗೆ ಅತ್ತೆ ಬಂದರು. ನಾನು ನಳಿಗೆ ಬಾಯಿಗಿಟ್ಟೆ. ಮಷೀನಿನ ಹುಡುಗ ತೆಲುಗಿನಲ್ಲಿ, ಊದಂಡಿ ಊದಂಡಿ ಎಂದು ಹುರಿದುಂಬಿಸಿದ. ನಾನು ಊದಿದೆ. ಮೊದಲ ದೀಪ ಆರಿದ್ದೇ ತಡ, ಅತ್ತೆ ನನ್ನ ರಟ್ಟೆ ಹಿಡಿದು ಜಗ್ಗಿದರು. "ಏ ಯವ್ವಾ, ಬಾಯಿಲೆ ದೀಪಾ ಊದತಾರೇನು? ಮನಿ ಹೆಣ್ಣಮಗಳು ನೀ."

ಅತ್ತೆ ಬೇಡ ಎಂದಮೇಲೆ ಮುಗಿಯಿತು. ನನ್ನ ಉಸಿರು ಅಲ್ಲೇ ನಿಂತಿತು. ಹುಡುಗ ಮತ್ತೆ ಊದಲು ಹೇಳಿದ. ಅತ್ತೆಯ ಕೈ ಇನ್ನೂ ನನ್ನ ರಟ್ಟೆಯ ಮೇಲೇ ಇತ್ತು, ನಾನು ಬಿಸಿ ಚಹಾಕ್ಕೆ ಊದುವಷ್ಟು ಊದಿದೆ. ಪರದೆಯ ತುಂಬ ದೀಪಾವಳಿ.

ಮಷೀನಿನ ಕಾಗದ ನೋಡಿದ ಅಲ್ಲಿನ ಡಾಕ್ಟರ ಮುಖ ಸಣ್ಣದಾಯಿತು. ಉಸಿರು ಅರ್ಧಕ್ಕರ್ಧ ಇಳಿದಿದೆ, ಇವತ್ತೇ ಗುಳಿಗೆ ಶುರು ಮಾಡಬೇಕು, ಶಾಲೆಗೆ ರಜೆ ಹಾಕಿ, ಮತ್ತೆ ಹೈದರಾಬಾದಿಗೆ ಹೋಗಿ ಎಂದರು. ನಿಜ ನನಗೆ ಗೊತ್ತಿತ್ತು. ಆದರೂ ಅತ್ತೆಯನ್ನು ಪಕ್ಕದಲ್ಲಿಟ್ಟುಕೊಂಡು, ಇವರು ಬೇಡ ಅಂದರು ಅದಕ್ಕೇ ಊದಲಿಲ್ಲ ಎಂದು ಹೇಗೆ ಹೇಳುವುದು? ಓದಿದವಳು, ಮಕ್ಕಳಿಗೆ ಬುದ್ಧಿ ಹೇಳುವವಳು, ನೆಲ ನೋಡುತ್ತಾ ಕೂತೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಕೊನೆಗೆ ಆ ಹುಡುಗನೇ ಬಂದು ನಡೆದದ್ದನ್ನು ಹೇಳಿದ. ಇನ್ನೊಮ್ಮೆ ಊದಿಸು ಎಂದು ಡಾಕ್ಟರು ನಮ್ಮನ್ನು ಮಷೀನಿನ ಹತ್ತಿರ ಕಳಿಸಿದರು.

ಅತ್ತೆಗೆ ಆಗ ತಿಳಿಯಿತು, ದೀಪ ಆರದಿದ್ದರೆ ಸೊಸೆಯ ನೌಕರಿ ಹೋಗುತ್ತದೆ ಎಂದು. ನನ್ನ ಮುಖ ನೋಡಿದರು, ಪರದೆ ನೋಡಿದರು. ನಾನು ಬೇಡ ಎನ್ನುವುದರೊಳಗೆ ನನ್ನ ಕೈಯ ನಳಿಗೆ ಕಸಿದುಕೊಂಡು, "ಪಾಪ ಹತ್ತಿದ್ರ ನನಗ ಹತ್ತಲಿ, ನನ್ನ ಕೂಸಿಗೆ ಬ್ಯಾಡ" ಎಂದು ಸೆರಗು ಬಿಗಿದು ಊದಿಯೇಬಿಟ್ಟರು. ಎಲ್ಲ ದೀಪ ಒಮ್ಮೆಗೇ ಆರಿದವು. ಕಾಗದ ನನ್ನ ಹೆಸರಿನಲ್ಲಿ ಹೊರಬಂತು.

ಅದನ್ನು ನೋಡಿದ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಇಂಥ ಪುಪ್ಪಸ ಪೈಲ್ವಾನರಿಗೂ ಇರುವುದಿಲ್ಲವಲ್ಲ ಎಂದರು. ಅತ್ತೆ ಒಮ್ಮೆ ಕೆಮ್ಮಿ, ಊದಿದ್ದು ತಾನೇ ಎಂದು ಒಪ್ಪಿಕೊಂಡರು. ಡಾಕ್ಟರು ನಗು ತಡೆದುಕೊಂಡು, ಮೂರನೆಯ ಸಲ ನಾನೇ ಊದಬೇಕು ಎಂದರು.

ಅತ್ತೆ ಹೊರಗೆ ಹೋಗಲು ಒಪ್ಪಲಿಲ್ಲ. ತಾನು ನೋಡದಿದ್ದರೆ ಆಯಿತಲ್ಲ ಎಂದು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿ ನಿಂತರು. ನಾನು ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಊದಿದೆ. ನನ್ನ ಕಣ್ಣು ಕತ್ತಲಿಟ್ಟಿತು. ಹುಡುಗ ಸಾಕು ಎಂದಾಗ ಪರದೆ ನೋಡಿದೆ. ಒಂದು ದೀಪ ಉಳಿದಿತ್ತು. ಹೋದ ಸಲದಷ್ಟೇ. ನಾನು ನಳಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ.

ಗೋಡೆಯ ಕಡೆಯಿಂದಲೇ ಅತ್ತೆ ಕೇಳಿದರು: "ಎಲ್ಲಾ ಆರಿದುವೇನವಾ?"

"ಇಲ್ಲತ್ತಿ, ಒಂದು ಉಳದೈತಿ."

ಅತ್ತೆ ತಿರುಗಿ, ಪರದೆಗೆ ಎರಡೂ ಕೈಯೆತ್ತಿ ಮುಗಿದು, ಸೆರಗಿನಿಂದ ನನ್ನ ಕಣ್ಣೊರೆಸಿದರು. "ಛಲೋ ಆತು ಬಿಡು. ದೇವರಿಗೆ ಒಂದ್ ಸಾಕು."