ಬೀಗರ ತಟ್ಟೆಯಲ್ಲಿ ಕುರಿಕಿವಿ

ಮುದಿ ಕುರಿಗಳ್ಳನಿಗೆ ಪಿಂಚಣಿ ಕೊಡುವ ಸರ್ಕಾರ ಇನ್ನೂ ಹುಟ್ಟಿಲ್ಲ ನೋಡಿ. ನನ್ನ ಮಂಡಿ ಸವೆದಿದೆ, ಕಣ್ಣು ಮಬ್ಬಾಗಿದೆ. ಅಂಥದ್ದರಲ್ಲಿ ಮಗಳು ಐಸುಲುವಿಗೆ ಓಲೆ ತೊಡಿಸಿ ಸಂಬಂಧ ಗಟ್ಟಿಮಾಡಲು ಬೀಗರು ಬರುತ್ತೇವೆಂದರು. ಕೊಟ್ಟಿಗೆಯಲ್ಲಿ ಒಂದು ಕುರಿಯೂ ಇಲ್ಲ! ಬೀಗರಿಗೆ ಕೋಳಿ ಬಡಿಸಿದರೆ ನಮ್ಮ ಕಝಾಕ್ ಜನ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

"ಇದೇ ಕೊನೇ ಸಲ ಕಣೇ," ಎಂದೆ.

"ಹೋದ ಕೊನೇ ಸಲ ಬೇಲಿಗೆ ಪ್ಯಾಂಟು ಸಿಕ್ಕೊಂಡು ಬೆಳಗಾನ ನೇತಾಡ್ತಿದ್ರಲ್ಲ!" ಎಂದಳು ಹೆಂಡತಿ ರಾಬಿಗಾ.

ನಾನು ಜಗ್ಗಲಿಲ್ಲ. ಹಲವು ಊರುಗಳ ಕುರಿ ಒಟ್ಟಿಗೆ ಮೇಯುವ ಗುಡ್ಡಕ್ಕೆ ಹೋದೆ. ಕುರುಬ ಚಹಾಕ್ಕೆ ಕೂತಾಗ ಕೊಬ್ಬಿದ ಒಂದನ್ನು ಎತ್ತಿ, ಬೈಕಿನ ಸೈಡ್‌ಕಾರಿನಲ್ಲಿ ಕೂರಿಸಿ, ತಲೆಗೆ ರಾಬಿಗಾಳ ಶಾಲು ಸುತ್ತಿದೆ. (ದಾರಿಯಲ್ಲಿ ಪೊಲೀಸಿನವನು "ಏನಕ್ಕಾ, ಆರಾಮಾ?" ಎಂದು ಅದನ್ನೇ ಮಾತಾಡಿಸಿದ. ಇದನ್ನು ಅವಳಿಗೆ ಹೇಳಿಲ್ಲ, ನೀವೂ ಹೇಳಬೇಡಿ.)

ಕೊಯ್ದು ತಲೆ ಸುಡುವಾಗ ಕಿವಿಯಲ್ಲಿ ಅದರ ಒಡೆಯ ಹಾಕಿದ್ದ ಕಚ್ಚು ಕಂಡಿತು. ಕಿವಿ ಕತ್ತರಿಸಲು ಚಾಕು ಎತ್ತಿದರೆ ರಾಬಿಗಾ ಕೈ ಹಿಡಿದಳು.

"ಕಿವಿಯಿಲ್ಲದ ತಲೆ ಬೀಗರ ಮುಂದೆ ಇಡ್ತೀರಾ? ಮಾನ ಮರ್ಯಾದೆ ಇಲ್ವಾ?"

"ಗುರುತಿದೆ ಕಣೇ! ಸಿಕ್ಕಿಬೀಳ್ತೀನಿ!"

"ಬೆಂದ ಮೇಲೆ ಯಾರು ನೋಡ್ತಾರೆ? ಸುಮ್ನೆ ಚಾಕು ಕೆಳಗಿಡ್ರಿ!"

ಇಟ್ಟೆ.

ಬೀಗರು ಬಂದರು. ಹಿರಿಯರಾದ, ಹುಡುಗನ ಅಪ್ಪ ಒಸ್ಪಾನರ ಮುಂದೆ ಇಡೀ ತಲೆ ಬಂತು. ದೊಡ್ಡವರ ಮಾತು ಕೇಳಲಿ ಎಂದು ಅದರ ಕಿವಿ ಕೊಯ್ದು ಮನೆಯ ಮಕ್ಕಳಿಗೆ ಕೊಡುವುದು ಪದ್ಧತಿ. ಒಸ್ಪಾನರು ಕಿವಿ ಕೊಯ್ದು, ದೀಪಕ್ಕೆ ಹಿಡಿದು, ತಿರುಗಿಸಿ ನೋಡಿದರು.

"ಬೀಗರೇ, ಈ ಕುರಿ ಎಲ್ಲಿ ತಂದ್ರಿ?"

"ಸಂ... ಸಂತೇಲಿ."

"ಈ ಕಚ್ಚು ಹಾಕಿದ್ದು ನಾನು."

ಓಲೆ ಹಿಡಿದಿದ್ದ ಬೀಗಿತ್ತಿಯ ಕೈ ಅಲ್ಲೇ ನಿಂತಿತು. ಬಾಗಿಲಲ್ಲಿ ಐಸುಲುವಿನ ಮುಖ ಬಿಳಿಚಿಕೊಂಡಿತು.

"ಕದ್ದವನು ನಾನು. ನನ್ನನ್ನ ಪೊಲೀಸಿಗೆ ಕೊಡಿ, ನನ್ನ ಮಗಳನ್ನ ಮಾತ್ರ ಬೇಡ ಅನ್ಬೇಡಿ!"

ಒಸ್ಪಾನರು ಮೀಸೆ ತೀಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಓಲೆ ಹಾಕೇ. ಕುರಿಯಂತೂ ಹೋಯ್ತು, ಹುಡುಗಿಯಾದ್ರೂ ಮನೆಗೆ ಬರ್ಲಿ."

ಕಿವಿ ಮಾತ್ರ ಮಕ್ಕಳ ಕಡೆ ಹೋಗಲಿಲ್ಲ, ನೇರ ನನ್ನ ಬಾಯಿಗೇ ಬಂತು.

"ನೀವೇ ತಿನ್ನಿ ಬೀಗರೇ. ಇನ್ಮೇಲಾದ್ರೂ ಹೆಂಡ್ತಿ ಮಾತು ಕೇಳೋದು ಕಲೀರಿ."

"ಹಾಗೆ ಹೇಳಿ ಅಣ್ಣಾ!" ಎಂದಳು ರಾಬಿಗಾ, ಗೆದ್ದವಳ ಹಾಗೆ.

ಕೇಳಿದ್ದಕ್ಕೇ ಸ್ವಾಮಿ ನನಗೆ ಈ ಗತಿ ಬಂದದ್ದು ಎನ್ನಬೇಕೆಂದಿದ್ದೆ. ಬಾಯಿ ತುಂಬ ಕಿವಿಯಿತ್ತು.